ಕಡಲಪಟ್ಟಣದಲ್ಲಿ ಬಿಡಾರ

ನಮ್ಮ ಚೌಳಹಿರಿಯೂರಿನ ಕಡೆಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಮನೆಯ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಯಾವ ಕಾರ್ಯಕ್ಕಾಗಿ ಹೋಗುತ್ತೀಯೆ, ಜೊತೆಯಲ್ಲಿ ಯಾರಿದ್ದಾರೆ, ಬಿಡಾರವೆಲ್ಲಿ? ಮೊದಲಿನ ಎರಡಕ್ಕೆ ಉತ್ತರ ಸುಲಭ. ಮೂರನೆಯದು ಮಾತ್ರ ಊರನ್ನು ನೋಡಿ ಬದಲಾಗತಕ್ಕದ್ದು. ಬೆಂಗಳೂರು ಮೈಸೂರುಗಳಿಗೆ ಹೋಗುವವರಿಗೆ ಅಲ್ಲಿ ನೆಂಟರಿಷ್ಟರುಂಟು. ಇಲ್ಲದಿದ್ದರೆ ತಮ್ಮ ತಮ್ಮ ಮಠಗಳೂ ಛತ್ರಗಳೂ ಉಂಟು. ಆದರೆ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವ ಬಯಲುಸೀಮೆಯವನಿಗೆ ಅಲ್ಲಿ ಭಾಷೆ ಬೇರೆ, ಊಟ ಬೇರೆ, ಗಾಳಿಯೇ ಬೇರೆ. ತುಳು, ಕೊಂಕಣಿ, ಬ್ಯಾರಿಭಾಷೆಗಳ ನಡುವೆ ಅವನ ಕನ್ನಡವು ಎಲ್ಲರಿಗೂ ಅರ್ಥವಾಗುವುದಾದರೂ ಅವನು ಪರಸ್ಥಳದವನೆಂಬುದನ್ನು ಆ ಕನ್ನಡವೇ ಸಾರಿಬಿಡುತ್ತದೆ. ಅಂತಹವನು ರಾತ್ರಿ ಎಲ್ಲಿ ತಂಗಬೇಕು? ಈಗ ಈ ಪ್ರಶ್ನೆಗೆ ಹೋಟೆಲು ಎಂಬ ಒಂದೇ ಮಾತಿನ ಉತ್ತರವುಂಟು. ಆ ಉತ್ತರ ದೊರಕುವುದಕ್ಕೆ ಎಷ್ಟು ಶತಮಾನಗಳು ಬೇಕಾದುವೆಂಬುದನ್ನೂ, ಅದು ದೊರೆತ ಮೇಲೂ ಉಳಿದುಕೊಂಡಿರುವುದು ಏನೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಒಳನಾಡಿನ ಪಟ್ಟಣಕ್ಕೂ ರೇವುಪಟ್ಟಣಕ್ಕೂ ಒಂದು ಮುಖ್ಯವಾದ ಭೇದವುಂಟು. ಒಳನಾಡಿನ ದಾರಿಹೋಕನು ಒಂದು ರಾತ್ರಿ ತಂಗಿ ಮರುದಿನ ಬೆಳಗಾಗುತ್ತಲೇ ಹೊರಡುವನು. ರೇವಿಗೆ ಬಂದವನು ಹೊರಡುವುದು ತನ್ನ ಇಚ್ಛೆಯಿಂದಲ್ಲ, ಗಾಳಿಯ ಇಚ್ಛೆಯಿಂದ. ಹಾಯಿಹಡಗುಗಳ ಕಾಲದಲ್ಲಿ ನೈಋತ್ಯ ಮಾರುತವು ಬೀಸತೊಡಗಿತೆಂದರೆ ನಮ್ಮ ಪಶ್ಚಿಮ ತೀರದ ರೇವುಗಳೆಲ್ಲ ಮುಚ್ಚಿಹೋಗುತ್ತಿದ್ದುವು. ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯೊಳಗಿರುವ ಮಂಗಳೂರಿನ ಹಳೆಯ ಬಂದರಕ್ಕೂ ಇದೇ ಗತಿ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅರಬಸ್ಥಾನದ ಕಡೆಯಿಂದ ಹಡಗುಗಳು ಬರುವುವು. ಸರಕು ಇಳಿಸಿ, ಮೆಣಸು, ಅಡಕೆ, ಅಕ್ಕಿ, ಗಂಧಗಳನ್ನು ತುಂಬಿಕೊಂಡು ಅನುಕೂಲವಾದ ಗಾಳಿಗಾಗಿ ಕಾಯುವುವು. ಇತ್ತ ಘಟ್ಟದ ಮೇಲಿನವರಿಗೂ ಅದೇ ಕಾಲ. ಮಳೆಯಲ್ಲಿ ಘಟ್ಟದ ದಾರಿಗಳು ಎತ್ತುಗಳಿಗೂ ದುರ್ಗಮ. ಸುಗ್ಗಿಯ ಹೊತ್ತಿಗೆ ಅವು ಒಣಗಿ ಗಟ್ಟಿಯಾದಾಗಲೇ ಹೇರೆತ್ತುಗಳ ಸಾಲುಗಳು ಕೆಳಗಿಳಿಯುವುವು. ಹೀಗೆ ಕಡಲಿನಿಂದ ಬಂದವರೂ ಬೆಟ್ಟದಿಂದ ಬಂದವರೂ ವರ್ಷದ ಅದೇ ಕೆಲವು ತಿಂಗಳುಗಳಲ್ಲಿ ಒಂದೇ ಊರಿನಲ್ಲಿ ಸೇರುತ್ತಿದ್ದರು. ಆದುದರಿಂದ ಬಿಡಾರದ ಪ್ರಶ್ನೆ ರೇವುಪಟ್ಟಣಕ್ಕೆ ಅದರ ವ್ಯಾಪಾರದಷ್ಟೇ ಹಳೆಯದು.

ಮಂಗಳೂರಿನಲ್ಲಿ ಪರಸ್ಥಳದವರಿಗೆ ನೆಲೆಯಿತ್ತ ಸ್ಥಳಗಳಲ್ಲಿ ನಮಗೆ ಲಿಖಿತವಾದ ಆಧಾರವಿರುವ ಅತಿ ಪುರಾತನವಾದುದೊಂದು ಕದಿರೆಯಲ್ಲಿದೆ. ಕದಿರೆಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವು ಶಿಲ್ಪಕಲೆಯನ್ನು ಬಲ್ಲವರೆಲ್ಲರಿಗೂ ಪರಿಚಿತವಾದುದೇ. ಅದರ ಪೀಠದ ಶಾಸನದಿಂದ, ಕ್ರಿ. ಶ. 968ರಲ್ಲಿ ಆಳುಪ ದೊರೆಯಾದ ಕುಂದವರ್ಮನು ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ತಿಳಿದುಬರುತ್ತದೆ. ವಿಹಾರವೆಂದರೆ ಮೂಲತಃ ಮನೆಮಠ ಬಿಟ್ಟು ತಿರುಗುವ ಭಿಕ್ಷುಗಳು ಮಳೆಗಾಲದಲ್ಲಿ ತಂಗುವ ಸ್ಥಳವೇ ಅಲ್ಲವೆ? ಮುಂದೆ ಅದೇ ಬೆಟ್ಟದ ಮೇಲೆ ನಾಥಪಂಥದ ಜೋಗಿಗಳ ಮಠವು ನೆಲೆಗೊಂಡಿತು. ದೂರದೂರದ ಜೋಗಿಗಳು ನಡೆದು ಬಂದು ಸೇರುವ ಠಾವು ಅದು. ಪಂಥಗಳು ಬದಲಾದುವು, ನಡೆದು ದಣಿದು ಬಂದವನಿಗೆ ಮಾಡು ಕೊಡುವ ಆ ಬೆಟ್ಟದ ಧರ್ಮವು ಬದಲಾಗಲಿಲ್ಲ.

ವರ್ತಕರ ವಿಷಯ ಬೇರೆ. ಅವರಿಗೆ ಒಂದು ಋತುವಿನ ಮಾಡು ಸಾಲದು, ಉಗ್ರಾಣ ಬೇಕು, ನಂಬಿಕೆಯ ಆಳು ಬೇಕು, ಅನೇಕ ವೇಳೆ ಸಂಸಾರವೇ ಬೇಕು. ಇದಕ್ಕೆ ಒಂದು ಅಪೂರ್ವವಾದ ನಿದರ್ಶನವು ಮಂಗಳೂರಿನಿಂದ ಬಹುದೂರದ ಕೈರೋ ನಗರದ ಒಂದು ಯಹೂದ್ಯ ಪ್ರಾರ್ಥನಾಮಂದಿರದಲ್ಲಿ ದೊರೆತಿದೆ. ಅಲ್ಲಿ ಶತಮಾನಗಳಿಂದ ರಾಶಿಬಿದ್ದಿದ್ದ ಹಳೆಯ ಕಾಗದಪತ್ರಗಳಲ್ಲಿ ಅಬ್ರಹಾಂ ಬೆನ್ ಈಜು ಎಂಬ ವರ್ತಕನಿಗೆ ಸಂಬಂಧಿಸಿದ ಪತ್ರಗಳಿದ್ದುವು. ಆಫ್ರಿಕದ ಉತ್ತರ ತೀರದವನಾದ ಈತನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಗಳೂರಿಗೆ ಬಂದು, ಸುಮಾರು ಹದಿನೇಳು ವರ್ಷಗಳ ಕಾಲ ಇಲ್ಲಿದ್ದು, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿ, 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. 1132ರಲ್ಲಿ ಆತನು ಆಶು ಎಂಬ ಇಲ್ಲಿಯ ದಾಸಿಯೊಬ್ಬಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವು ಉಳಿದುಬಂದಿದೆ. ಆಕೆಯೇ ಆತನ ಗೃಹಿಣಿಯಾದಳೆಂದು ವಿದ್ವಾಂಸರ ಅಭಿಪ್ರಾಯ. ಆತನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರಂತೂ ನಮ್ಮ ನಾಡಿನದೇ. ಈ ಇಬ್ಬರ ಕಥೆಯನ್ನು ಅಮಿತಾವ ಘೋಷರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಹೇಳಿದ್ದಾರೆ. ಪರದೇಶದವನಿಗೆ ರೇವಿನಲ್ಲಿ ನಿಲ್ಲುವುದೆಂದರೆ ಆ ಕಾಲದಲ್ಲಿ ಒಂದು ಮನೆಯನ್ನೇ ಕಟ್ಟಿಕೊಳ್ಳುವುದಾಗಿತ್ತೆಂದು ಇದರಿಂದ ವ್ಯಕ್ತಪಡುತ್ತದೆ.

ಮನೆ ಕಟ್ಟಿಕೊಳ್ಳಲು ಶಕ್ತಿಯಿಲ್ಲದ ಪ್ರವಾಸಿಯ ಗತಿ ಏನು? ಇದಕ್ಕೆ ಉತ್ತರವನ್ನು ಮೊರೊಕ್ಕೊ ದೇಶದ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. 1342ರ ಸುಮಾರಿನಲ್ಲಿ ಆತನು ಗೋವೆಯಿಂದ ದಕ್ಷಿಣಕ್ಕೆ ಈ ತೀರವನ್ನನುಸರಿಸಿ ಪ್ರಯಾಣ ಮಾಡಿದನು. ಮಂಗಳೂರಿನ ಅಳಿವೆಯು ಈ ಸೀಮೆಯಲ್ಲೆಲ್ಲ ಬಹು ದೊಡ್ಡದೆಂದೂ, ಫಾರಸಿ ಮತ್ತು ಯೆಮೆನ್ ದೇಶಗಳ ವರ್ತಕರಲ್ಲಿ ಬಹುಮಂದಿ ಇಳಿಯುವುದು ಇಲ್ಲಿಯೇ ಎಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ, ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸಲ್ಮಾನರು ವಾಸವಾಗಿರುವರೆಂದೂ ಆತನು ಹೇಳುತ್ತಾನೆ. ಊರವರಿಗೂ ಇವರಿಗೂ ಆಗಾಗ ಜಗಳಗಳಾಗುತ್ತಿದ್ದುವಂತೆ. ಆದರೆ ಅರಸನು ನಡುವೆ ಬಂದು ಸಂಧಿ ಮಾಡಿಸುತ್ತಿದ್ದನಂತೆ. ಏಕೆಂದರೆ ಅವನಿಗೆ ವರ್ತಕರು ಬೇಕಾಗಿದ್ದರು. ಈ ಒಂದು ಮಾತಿನಲ್ಲಿ ರೇವುಪಟ್ಟಣದ ನೀತಿಯೆಲ್ಲ ಅಡಗಿದೆ. ಪರಸ್ಥಳದವನು ಬಾರದಿದ್ದರೆ ರೇವಿಗೆ ಬಾಳಿಲ್ಲ. ಆದುದರಿಂದ ಅವನು ಮಲಗುವುದಕ್ಕೆ ಠಾವಿರುವಂತೆ ನೋಡಿಕೊಳ್ಳುವುದು ಊರಿನ ಔದಾರ್ಯವು ಮಾತ್ರವಲ್ಲ, ಊರಿನ ಅಗತ್ಯವೂ ಹೌದು.

ಇದೇ ಪ್ರವಾಸಿಯು ದಾರಿಯ ತಂಗುಮನೆಗಳನ್ನೂ ವರ್ಣಿಸಿದ್ದಾನೆ. ಅರ್ಧ ಮೈಲಿಗೊಂದರಂತೆ ಮರದ ಮನೆಗಳು. ಒಳಗೆ ಕುಳಿತುಕೊಳ್ಳಲು ಜಗಲಿಗಳು. ಪಕ್ಕದಲ್ಲಿ ಒಂದು ಬಾವಿ. ಬಾವಿಯ ಬಳಿ ನೀರು ಕೊಡುವುದಕ್ಕಾಗಿಯೇ ನಿಯಮಿತನಾದ ಒಬ್ಬ ಹಿಂದು. ಯಾವ ಮತದವನು ಬಂದರೂ ಕುಳಿತು ದಣಿವಾರಿಸಿಕೊಳ್ಳಬಹುದು. ಆದರೆ ನೀರು ಕೊಡುವಾಗ ಮಾತ್ರ ಹಿಂದುವಿಗೆ ಪಾತ್ರೆಯಲ್ಲಿ, ಮುಸಲ್ಮಾನನಿಗೆ ಬೊಗಸೆಗೆ. ಊಟದ ವಿಷಯದಲ್ಲಿಯೂ ಹಾಗೆಯೇ. ಮನೆಯೊಳಕ್ಕೆ ಪ್ರವೇಶವಿಲ್ಲ, ಬಾಳೆಯ ಎಲೆಯ ಮೇಲೆ ಅನ್ನ. ದಾರಿಯ ತಂಗುದಾಣಗಳಲ್ಲಿ ಮುಸಲ್ಮಾನರ ಮನೆಗಳು ಅಲ್ಲಲ್ಲಿ ಇಲ್ಲದಿದ್ದರೆ ಮುಸಲ್ಮಾನ ಪ್ರವಾಸಿಯು ಈ ಸೀಮೆಯಲ್ಲಿ ಸಂಚರಿಸಲು ಸಾಧ್ಯವೇ ಇರುತ್ತಿರಲಿಲ್ಲವೆಂದು ಆತನು ಸ್ಪಷ್ಟವಾಗಿ ಬರೆದಿದ್ದಾನೆ. ನಮ್ಮ ಪೂರ್ವಿಕರ ಆತಿಥ್ಯದ ಗುಣವೂ ಮಿತಿಯೂ ಇಲ್ಲಿ ಒಂದೆಡೆಯಲ್ಲಿಯೇ ಕಾಣುತ್ತವೆ. ನೀರನ್ನು ಯಾರಿಗೂ ಇಲ್ಲವೆನ್ನಲಿಲ್ಲ; ಪಾತ್ರೆಯನ್ನು ಎಲ್ಲರಿಗೂ ಕೊಡಲಿಲ್ಲ. ಇತಿಹಾಸವನ್ನು ಓದುವಾಗ ಮೊದಲನೆಯದನ್ನು ಮಾತ್ರ ಎತ್ತಿಹೇಳಿ ಎರಡನೆಯದನ್ನು ಮರೆಮಾಡುವುದು ಸತ್ಯಕ್ಕೆ ಅಪಚಾರ ಮಾಡಿದಂತೆ.

ಇದನ್ನು ಓದುವಾಗ ಮಂಗಳೂರಿನ ಹಂಪನಕಟ್ಟೆಯು ನೆನಪಿಗೆ ಬರುತ್ತದೆ. ಇಂದು ಅಂಗಡಿಗಳಿಂದಲೂ ವಾಹನಗಳಿಂದಲೂ ತುಂಬಿ ತುಳುಕುವ ಆ ವೃತ್ತಕ್ಕೆ ಆ ಹೆಸರು ಬಂದುದು, ಕಟ್ಟೆಯ ಮೇಲೆ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನೆಂಬವನಿಂದ ಎಂದು ಜನರ ಹೇಳಿಕೆಯುಂಟು. ಐತಿಹ್ಯಗಳನ್ನೆಲ್ಲ ಇತಿಹಾಸವೆಂದು ಗ್ರಹಿಸಲಾಗದು. ಆದರೆ 2021ರಲ್ಲಿ ರಸ್ತೆಯ ಕಾಮಗಾರಿ ನಡೆಯುತ್ತಿದ್ದಾಗ ಅಲ್ಲಿಯೇ ನೆಲದಡಿಯಲ್ಲಿ ಹಳೆಯ ಬಾವಿಯೊಂದು ಕಂಡುಬಂದಿತು. ನಮ್ಮ ಬಯಲುಸೀಮೆಯಲ್ಲಿ ಬೇಸಗೆಯಲ್ಲಿ ಅರವಟ್ಟಿಗೆಗಳನ್ನಿಟ್ಟು ನೀರು ಮಜ್ಜಿಗೆ ಕೊಡುವುದನ್ನು ಕಂಡವರಿಗೆ ಈ ಹೇಳಿಕೆಯು ಅಪರಿಚಿತವಾಗಿ ತೋರದು. ಒಂದು ದೊಡ್ಡ ರೇವುಪಟ್ಟಣವು ತನ್ನ ನಡುಮಧ್ಯದ ಠಾವನ್ನು ಅರಸನ ಹೆಸರಿನಿಂದಲ್ಲ, ನೀರು ಕೊಟ್ಟವನ ಹೆಸರಿನಿಂದ ಕರೆಯುತ್ತದೆಯೆಂಬುದು ಗಮನಿಸತಕ್ಕ ವಿಷಯ.

ಇನ್ನು ಘಟ್ಟದ ಮೇಲಿನವರ ವಿಷಯಕ್ಕೆ ಬರೋಣ. ಹಿಂದೆ ಕಡೂರು ಜಿಲ್ಲೆಯೆಂದು ಹೆಸರಿದ್ದ ನಮ್ಮ ಜಿಲ್ಲೆಯಿಂದ ಮಂಗಳೂರಿಗೆ ಹೋಗುವ ದಾರಿಗಳಲ್ಲಿ ಚಾರ್ಮಾಡಿಯದು ಮುಖ್ಯ. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ಹಾದು ಘಟ್ಟವನ್ನಿಳಿದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ. ಅಲ್ಲಿಂದ ನೇತ್ರಾವತಿಯ ಮಗ್ಗುಲಲ್ಲಿಯೇ ಮಂಗಳೂರು. ಇಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರುಗಳ ಈ ದಾರಿಯನ್ನು ಮೋಟಾರು ಬಸ್ಸು ಒಂದು ಹಗಲಿನೊಳಗೆ ಮುಗಿಸುತ್ತದೆ. ಹೇರೆತ್ತುಗಳೊಡನೆ ನಡೆದವರಿಗೆ ಹಲವು ರಾತ್ರಿಗಳ ಬಿಡಾರ ಬೇಕಾಗಿತ್ತು. ಕೆಳಗಿಳಿಯುವಾಗ ಮಲೆನಾಡಿನ ಅಡಕೆ, ಮೆಣಸು, ಏಲಕ್ಕಿ, ಮುಂದಿನ ಕಾಲದಲ್ಲಿ ಕಾಫಿ; ಮೇಲೇರುವಾಗ ಮುಖ್ಯವಾಗಿ ಉಪ್ಪು. ಬಯಲುಸೀಮೆಯ ಮನೆಗೆ ಕಡಲು ಬರುತ್ತಿದ್ದುದು ಉಪ್ಪಿನ ರೂಪದಲ್ಲಿಯೇ ಎನ್ನಬಹುದು. ಮನೆಯಿಂದ ರೊಟ್ಟಿ, ಹುರಿಹಿಟ್ಟುಗಳನ್ನು ಕಟ್ಟಿಕೊಂಡು ಹೊರಟರೂ ಕಟ್ಟಿಕೊಟ್ಟ ಬುತ್ತಿ ಎಲ್ಲಿಯವರೆಗೆ? ಅದು ಮುಗಿದ ಮೇಲೆ ದಾರಿಯ ದೇವಸ್ಥಾನದ ಹಜಾರವೋ, ಮರದಡಿಯೋ, ಊರ ಗೌಡನ ಜಗಲಿಯೋ ಆಶ್ರಯ. 1623ರಲ್ಲಿ ಇಕ್ಕೇರಿಗೆ ಹೋದ ಇಟಲಿ ದೇಶದ ಪಿಯೆತ್ರೋ ದೆಲ್ಲಾ ವಾಲ್ಲೆಯು ಘಟ್ಟದ ಒಂದು ದೇವಸ್ಥಾನದ ಮುಖಮಂಟಪದಲ್ಲಿ ತಂಗಿದ್ದಾಗ, ಹುಡುಗರು ನೆಲದ ಮೇಲೆ ಮರಳು ಹರಡಿ ಲೆಕ್ಕ ಬರೆದು ಕಲಿಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆ ಮಂಟಪವು ದೇವಾಲಯ, ಪಾಠಶಾಲೆ, ತಂಗುದಾಣ ಮೂರೂ ಆಗಿತ್ತು.

ಪಟ್ಟಣವನ್ನು ಸೇರಿದ ಮೇಲೆ ಬಿಡಾರವನ್ನು ಗೊತ್ತುಮಾಡುತ್ತಿದ್ದುದು ಪ್ರಯಾಣಿಕನ ಇಷ್ಟವಲ್ಲ, ಆತನ ಹುಟ್ಟು. ಬ್ರಾಹ್ಮಣನಿಗೆ ಮಠ ಮತ್ತು ದೇವಸ್ಥಾನದ ಭೋಜನಶಾಲೆ. ಜೈನನಿಗೆ ಬಸದಿಯವರ ಮನೆಗಳು. ಲಿಂಗವಂತನಿಗೆ ತನ್ನ ಮತದ ಮಠ ಎಲ್ಲಿದೆಯೋ ಅಲ್ಲಿ. ಮುಸಲ್ಮಾನನಿಗೆ ಮಸೀದಿಯ ಬಳಿಯ ಮುಸಾಫಿರಖಾನೆ. ಕ್ರೈಸ್ತನಿಗೆ ಇಗರ್ಜಿಯ ನೆರೆ. ಸರಕು ತಂದವನಿಗೆ ಮಂಡಿಯ ಸಾಹುಕಾರನ ಉಗ್ರಾಣದ ಜಗಲಿಯೂ ಒಂದು ಬಿಡಾರವೇ. ಆದರೆ ಆ ಜಗಲಿಯ ಮೇಲೆ ಮಲಗಿದವನು ತನ್ನ ಸರಕನ್ನು ಮರುದಿನ ಬೆಳಗ್ಗೆ ಬೇರೊಬ್ಬನಿಗೆ ಮಾರುವ ಧೈರ್ಯವುಳ್ಳವನಾಗಿರುವುದು ಕಷ್ಟ. ಇವಾವುದರಲ್ಲಿಯೂ ಸೇರದ ಬಡ ಹೊಲೆಯ ಮಾದಿಗರ ಆಳಿಗೆ ಎತ್ತುಗಳ ಪಕ್ಕವೇ ಗತಿ. ಛತ್ರಗಳನ್ನು ಕಟ್ಟಿಸಿದ ದಾನಿಗಳ ಪುಣ್ಯವನ್ನು ಕಡಮೆಮಾಡುವುದು ನಮ್ಮ ಉದ್ದೇಶವಲ್ಲ. ಧರ್ಮದ ಅನ್ನಕ್ಕೆ ದುಡ್ಡು ಬೇಕಾಗಿರಲಿಲ್ಲ. ಆದರೆ ಕುಲ ಬೇಕಾಗಿತ್ತೆಂಬುದನ್ನು ಮರೆಯಲಾಗದು.

ಇದರ ಮೇಲೆ ರಾಜ್ಯದ ಗಡಿಯೊಂದು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆಯು ಇಂಗ್ಲಿಷರ ವಶಕ್ಕೆ ಹೋಯಿತು. ಘಟ್ಟದ ಮೇಲಿನ ನಾವು ಮೈಸೂರು ಅರಸರ ಪ್ರಜೆಗಳಾಗಿ ಉಳಿದೆವು. ಮೈಸೂರಿನಲ್ಲಿ ಛತ್ರಗಳೂ ಮುಸಾಫಿರಖಾನೆಗಳೂ ಮುಜರಾಯಿ ಇಲಾಖೆಯ ಮೇಲ್ವಿಚಾರಣೆಗೆ ಸೇರಿದ್ದುವು. ಘಟ್ಟದ ಕೆಳಗೆ ಮದರಾಸು ಸರ್ಕಾರದ ಕಾನೂನು. ಅಧಿಕಾರಿಗಳಿಗೂ ಯೂರೋಪಿನವರಿಗೂ ದಾರಿಯುದ್ದಕ್ಕೂ ಪ್ರವಾಸಿ ಬಂಗಲೆಗಳಿದ್ದುವು. ಸಾಮಾನ್ಯನಿಗೆ ಅವುಗಳ ಹೊರಗೋಡೆ ಮಾತ್ರ ಪರಿಚಯ. 1956ರ ನವೆಂಬರ್ 1ರಂದು ಎರಡು ಜಿಲ್ಲೆಗಳೂ ಒಂದೇ ರಾಜ್ಯದಲ್ಲಿ ಸೇರುವವರೆಗೆ, ಕಡೂರಿನ ಕನ್ನಡಿಗನಿಗೆ ಮಂಗಳೂರು ಕನ್ನಡದ ನಾಡಾಗಿದ್ದರೂ ಬೇರೆ ಸರ್ಕಾರದ ಊರಾಗಿತ್ತು.

ಅಷ್ಟರೊಳಗೆ ಮಂಗಳೂರು ಬೇರೊಂದು ರೀತಿಯಲ್ಲಿ ಬೆಳೆಯುತ್ತಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. 1843ರಲ್ಲಿ ಮೋಗ್ಲಿಂಗರಿಂದ ಮಂಗಳೂರ ಸಮಾಚಾರ ಪತ್ರಿಕೆಯು ಹೊರಟಿತು. 1865ರಲ್ಲಿ ಹಂಚಿನ ಕಾರ್ಖಾನೆ. 1880ರಲ್ಲಿ ಸಂತ ಅಲೋಷಿಯಸ್ ಕಾಲೇಜು, ಅದೇ ವರ್ಷ ಫಾದರ್ ಮುಲ್ಲರರ ಔಷಧಾಲಯ. ಘಟ್ಟದ ಮೇಲಿನ ಕಾಫಿಯು ಇಲ್ಲಿಗೆ ಬಂದು ಹದವಾಗಿ ಹಡಗನ್ನೇರುತ್ತಿತ್ತು. 1907ರಲ್ಲಿ ಮದರಾಸಿನ ಕಡೆಯ ರೈಲುದಾರಿಯು ಮಲಬಾರಿನ ಮೂಲಕ ಮಂಗಳೂರನ್ನು ಮುಟ್ಟಿತು. ಪತ್ರಿಕೆ, ಶಾಲೆ, ನ್ಯಾಯಸ್ಥಾನ, ಔಷಧಾಲಯಗಳಿಗಾಗಿ ಬರುವ ಜನ ಹೊಸ ಬಗೆಯವರು. ಅವರು ಮಠಕ್ಕೆ ನಡೆದುಕೊಳ್ಳುವ ಯಾತ್ರಿಕರೂ ಅಲ್ಲ, ಮಂಡಿಗೆ ಸರಕು ತಂದ ವ್ಯಾಪಾರಿಗಳೂ ಅಲ್ಲ. ವಾಯಿದೆಯ ದಿನ ನ್ಯಾಯಸ್ಥಾನಕ್ಕೆ ಬಂದ ಕಕ್ಷಿಗಾರನಿಗೆ ಬೇಕಾದುದು ಎರಡು ಹೊತ್ತಿನ ಊಟ, ಒಂದು ರಾತ್ರಿಯ ಚಾಪೆ, ಯಾರ ಮುಲಾಜಿಗೂ ಒಳಗಾಗದೆ ದುಡ್ಡು ಕೊಟ್ಟು ಹೊರಡುವ ಸ್ವಾತಂತ್ರ್ಯ.

ಈ ಅಗತ್ಯದಿಂದಲೇ ಊಟದ ಮನೆ, ಕಾಫಿಕ್ಲಬ್ಬುಗಳು ಹುಟ್ಟಿಕೊಂಡುವು. ಇವುಗಳ ಹಿರಿಮೆಯಲ್ಲಿ ನಮ್ಮ ಕರಾವಳಿಯವರ ಪಾಲು ಬಹು ದೊಡ್ಡದು. ಉಡುಪಿಯ ಸುತ್ತಣ ಊರುಗಳ, ಮಠದ ಅಡುಗೆಯಲ್ಲಿ ಪಳಗಿದ ಕೈಗಳು ಘಟ್ಟವನ್ನೇರಿ ನಮ್ಮ ಬಯಲುಸೀಮೆಯ ಪೇಟೆಗಳಿಗೆ ಬಂದುವು. ಬೆಂಗಳೂರಿಗೆ, ಮದರಾಸಿಗೆ, ಮುಂಬಯಿಗೆ ಹೋದುವು. ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಎಂಬ ವಸತಿಗೃಹವನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದರು. ಶತಮಾನಗಳ ಕಾಲ ಪರಸ್ಥಳದವರನ್ನು ತಮ್ಮ ರೇವಿನಲ್ಲಿ ಇಳಿಸಿಕೊಂಡ ತೀರದವರು ಹೀಗೆ ಪರರ ರೇವುಗಳಿಗೆ ತಾವೇ ಹೋಗಿ, ಅಲ್ಲಿಯ ಪ್ರವಾಸಿಗಳಿಗೆ ಆತಿಥೇಯರಾದರು.

ಹೋಟೆಲಿನಲ್ಲಿ ತಿನ್ನುವುದು ಕುಲಗೆಟ್ಟ ಕೆಲಸವೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಎಣಿಕೆಯಿದ್ದಿತು. ಒಂದು ಅರ್ಥದಲ್ಲಿ ಆ ಎಣಿಕೆಯು ಸತ್ಯವೇ. ಪಕ್ಕದಲ್ಲಿ ಕುಳಿತವನು ಯಾರೆಂದು ಕೇಳದೆ ಉಣ್ಣುವ ಅಭ್ಯಾಸವನ್ನು ಉಪದೇಶಕರಿಗಿಂತ ಹೆಚ್ಚಾಗಿ ಹೋಟೆಲಿನವರು ಕಲಿಸಿದರು. ಆದರೆ ಮೊದಮೊದಲು ಅವರೂ ಸಂಪೂರ್ಣವಾಗಿ ಕಲಿಸಲಿಲ್ಲ. ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವೆಂದು ಫಲಕ ಹಾಕಿದ ಊಟದ ಮನೆಗಳು ದಕ್ಷಿಣ ಹಿಂದುಸ್ಥಾನದಲ್ಲೆಲ್ಲ ಇದ್ದುವು. ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲ ಹೊರಗೇ ತೆಂಗಿನ ಚಿಪ್ಪಿನಲ್ಲೋ ಬೇರೆ ಲೋಟದಲ್ಲೋ ಕಾಫಿ. ಇಬ್ನ್ ಬತೂತನು ಕಂಡ ಬೊಗಸೆಯ ನೀರು ಆರುನೂರು ವರ್ಷಗಳಾದ ಮೇಲೂ ಬೇರೆ ರೂಪದಲ್ಲಿ ಇದ್ದೇ ಇದ್ದಿತು. ಮಂಗಳೂರಿನಲ್ಲಿಯೇ ಕುದ್ಮುಲ್ ರಂಗರಾಯರು 1897ರಲ್ಲಿ ಹಿಂದುಳಿದ ವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಈ ಜನರ ಮಕ್ಕಳಿಗೆ ಶಾಲೆಯನ್ನೂ ವಸತಿಯನ್ನೂ ಕಲ್ಪಿಸಿ, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಸಹಿಸಿದರು. ಮದರಾಸು ಪ್ರಾಂತದಲ್ಲಿ ಎಂ. ಸಿ. ರಾಜಾ ಅವರ ಪ್ರಯತ್ನದಿಂದ 1938ರಲ್ಲಿ ಸಾಮಾಜಿಕ ಅಡಚಣೆಗಳನ್ನು ನಿವಾರಿಸುವ ಕಾಯಿದೆಯಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಊಟದ ಮನೆ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರು ಹೇಳಿ ಎಣಿಸಿ, ಅಲ್ಲಿ ಯಾವ ಪ್ರಜೆಯನ್ನೂ ಮತ, ಕುಲ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ತಡೆಯಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಸೇರಿಸಿತು. ರಾಷ್ಟ್ರದ ಮೂಲಶಾಸನವೊಂದರಲ್ಲಿ ಹೋಟೆಲಿನ ಹೆಸರು ಬರಬೇಕಾದರೆ ಅದರ ಬಾಗಿಲಲ್ಲಿ ಎಷ್ಟು ಜನರು ನಿಂತು ಹಿಂದಿರುಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇತ್ತೀಚಿನ ಸಂಗತಿಗಳು ಎಲ್ಲರಿಗೂ ತಿಳಿದುವೇ. ಪಣಂಬೂರಿನ ಹೊಸ ಬಂದರವು 1975ರ ಜನವರಿ 11ರಂದು ಉದ್ಘಾಟಿತವಾಯಿತು. ಅಲ್ಲಿ ಹಡಗುಗಳು ಮಳೆಗಾಲಕ್ಕೆ ಅಂಜಬೇಕಾಗಿಲ್ಲ. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲುದಾರಿಯು ಮುಗಿಯಿತು. ಅದುವರೆಗೆ ಕಡೂರಿನಲ್ಲಿ ರೈಲು ಹತ್ತಿದವನು ಮಂಗಳೂರನ್ನು ಸೇರಬೇಕಾದರೆ ಬೆಂಗಳೂರು, ಸೇಲಂ, ಕಲ್ಲಿಕೋಟೆಗಳನ್ನು ಸುತ್ತಬೇಕಾಗಿತ್ತು. ಈಗ ನಮ್ಮವರನ್ನು ಮಂಗಳೂರಿಗೆ ಎಳೆಯುವುದು ಉಪ್ಪೂ ಅಲ್ಲ, ಅಡಕೆಯೂ ಅಲ್ಲ, ಆಸ್ಪತ್ರೆ. 1953ರಲ್ಲಿ ಮಣಿಪಾಲದಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮಂಗಳೂರಿಗೂ ವಿಸ್ತರಿಸಿದಂದಿನಿಂದ ಆ ಪಟ್ಟಣವು ವೈದ್ಯರ ಪಟ್ಟಣವಾಗಿದೆ. ರೋಗಿಯು ಒಳಗೆ, ಜೊತೆಯವರು ಹೊರಗೆ. ಹಿಂದೆ ಗಾಳಿಗಾಗಿ ಕಾಯುತ್ತಿದ್ದ ಊರಿನಲ್ಲಿ ಈಗ ರೋಗಿಯ ಮನೆಯವರು ವೈದ್ಯರ ಮಾತಿಗಾಗಿ ಕಾಯುತ್ತಾರೆ. ಎಷ್ಟು ದಿನವೆಂದು ಅವರೂ ಅರಿಯರು.

ಕೆಲವು ವರ್ಷಗಳ ಕೆಳಗೆ ನಮ್ಮ ಸೀಮೆಯ ವೃದ್ಧರೊಬ್ಬರೊಡನೆ ನಾನು ಅಲ್ಲಿಗೆ ಹೋಗಿದ್ದೆನು. ಅವರ ಪತ್ನಿಯನ್ನು ಆಸ್ಪತ್ರೆಗೆ ಸೇರಿಸಿಯಾದ ಮೇಲೆ ರಾತ್ರಿ ಒಂದು ವಸತಿಗೃಹಕ್ಕೆ ಹೋದೆವು. ಗುಮಾಸ್ತನು ಜಾತಿ ಕೇಳಲಿಲ್ಲ; ಗುರುತಿನ ಚೀಟಿ ಕೇಳಿದನು. ವೃದ್ಧರ ಚೀಟಿ ಅವಸರದಲ್ಲಿ ಊರಿನಲ್ಲಿಯೇ ಉಳಿದುಬಿಟ್ಟಿತ್ತು. ನನ್ನ ಚೀಟಿಯ ಮೇಲೆ ಇಬ್ಬರಿಗೂ ಕೋಣೆ ಕೊಡುವುದಿಲ್ಲವೆಂದು ಅವನು ವಿನಯದಿಂದಲೇ ಹೇಳಿದನು; ಅವನಿಗಿದ್ದ ಅಪ್ಪಣೆ ಹಾಗಿತ್ತು. “ನೀನು ಹೋಗಿ ಮಲಗಪ್ಪಾ, ನನಗೆ ಇದೇನು ಹೊಸದಲ್ಲ. ನಮ್ಮಪ್ಪ ಉಪ್ಪಿಗೆ ಬಂದಾಗ ಎತ್ತಿನ ಮಗ್ಗುಲಲ್ಲಿ ಮಲಗುತ್ತಿದ್ದ” ಎಂದು ಹೇಳಿ ಅವರು ಆಸ್ಪತ್ರೆಯ ಜಗಲಿಗೆ ನಡೆದರು. ನಾನೂ ಕೋಣೆಯನ್ನು ಬಿಟ್ಟು ಅವರ ಪಕ್ಕದಲ್ಲಿಯೇ ಕುಳಿತೆನು. ಆ ಜಗಲಿಯ ಮೇಲೆ ಆ ರಾತ್ರಿ ಘಟ್ಟದ ಮೇಲಿನವರೂ ಕೆಳಗಿನವರೂ ಇಪ್ಪತ್ತು ಮೂವತ್ತು ಮಂದಿ ಇದ್ದರು. ಅಪರಿಚಿತಳಾದ ಬ್ಯಾರಿ ತಾಯಿಯೊಬ್ಬರು ತಮ್ಮ ಚಾಪೆಯ ಅರ್ಧವನ್ನು ವೃದ್ಧರಿಗೆ ಬಿಟ್ಟುಕೊಟ್ಟು, ಬಿಸಿನೀರಿನ ಪಾತ್ರೆಯನ್ನು ಅವರ ಕೈಗೇ ಕೊಟ್ಟರು. ಅವರು ಅದರಿಂದಲೇ ಕುಡಿದರು. ಇಬ್ನ್ ಬತೂತನ ಬರೆಹವನ್ನು ನಾನು ಓದಿದ್ದುದು ಅನಂತರ. ಓದಿದಾಗ ಮೊದಲು ನೆನಪಾದುದು ಆ ಪಾತ್ರೆ.

ಹೋಟೆಲನ್ನು ಆರಿಸುವುದು ಹೇಗೆಂದು ಕೇಳುವವರಿಗೆ ಈ ಇತಿಹಾಸದಿಂದ ನಾಲ್ಕು ಮಾತುಗಳನ್ನು ಹೇಳಬಹುದು. ಮೊದಲನೆಯದು, ಕಾರ್ಯದ ಸ್ಥಳಕ್ಕೆ ಸಮೀಪವಿರುವುದೇ ಒಳ್ಳೆಯ ಬಿಡಾರ. ಆಸ್ಪತ್ರೆಗೆ ಬಂದವನಿಗೆ ಕಡಲಿನ ನೋಟವುಳ್ಳ ಕೋಣೆಯಿಂದ ಪ್ರಯೋಜನವಿಲ್ಲ. ಹಾಯಿಗಾರನು ಅಳಿವೆಯ ಬಳಿಯಲ್ಲಿಯೇ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ಎರಡನೆಯದು, ಎಷ್ಟು ದಿನವಾಗುವುದೋ ತಿಳಿಯದ ಕಾರ್ಯಕ್ಕೆ ದಿನದ ಬಾಡಿಗೆಯನ್ನು ಮಾತ್ರ ನೋಡಬಾರದು. ವಾರಕ್ಕೆ, ತಿಂಗಳಿಗೆ ಎಷ್ಟೆಂದು ಮೊದಲೇ ಕೇಳಿ, ಬರಿಯ ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮೂರನೆಯದು, ನೀರನ್ನೂ ಅಡುಗೆಮನೆಯನ್ನೂ ನೋಡಿ ಕೋಣೆಯನ್ನು ನಿಶ್ಚಯಿಸಬೇಕು. ಮಳೆಗಾಲದಲ್ಲಿ ಕರಾವಳಿಯ ಗೋಡೆಗಳ ತೇವವನ್ನು ನಮ್ಮ ಒಣಸೀಮೆಯವರು ಅರಿಯರಾದುದರಿಂದ ಹಾಸಿಗೆಯನ್ನು ಮುಟ್ಟಿ ನೋಡುವುದೂ ಒಳ್ಳೆಯದು. ನಾಲ್ಕನೆಯದು, ಜೊತೆಯಲ್ಲಿರುವ ಎಲ್ಲರ ಗುರುತಿನ ಚೀಟಿಗಳೂ ಗಂಟಿನಲ್ಲಿರಬೇಕು. ಹಿಂದಿನವರು ಬುತ್ತಿಯನ್ನು ಮರೆಯುತ್ತಿರಲಿಲ್ಲ. ನಾವು ಇದನ್ನು ಮರೆಯಬಾರದು.

ಇವು ವ್ಯಕ್ತಿಯು ಮಾಡಿಕೊಳ್ಳತಕ್ಕ ಏರ್ಪಾಡುಗಳು. ಊರು ಮಾಡತಕ್ಕದ್ದೂ ಒಂದುಂಟು. ಬಾಡಿಗೆ ಕೊಡಲಾರದವನಿಗೂ, ಚೀಟಿಯಿಲ್ಲದವನಿಗೂ, ಪರಿಚಯವಿಲ್ಲದವನಿಗೂ ಒಂದು ರಾತ್ರಿಯ ಮಾಡು ಬೇಕು. ಹಿಂದೆ ಧರ್ಮಛತ್ರಗಳು ಅದನ್ನು ಕುಲ ನೋಡಿ ಕೊಟ್ಟುವು. ಹೋಟೆಲುಗಳು ದುಡ್ಡು ನೋಡಿ ಕೊಡುತ್ತವೆ. ಎರಡನ್ನೂ ನೋಡದೆ ಕೊಡುವ ತಂಗುಮನೆಯೊಂದನ್ನು ಆಸ್ಪತ್ರೆಗಳ ಬಳಿಯಲ್ಲಿ ನಮ್ಮ ಜಿಲ್ಲೆಯ ಸಂಘಸಂಸ್ಥೆಗಳು ಸೇರಿ ಏರ್ಪಡಿಸುವುದು ಅಸಾಧ್ಯವಾದ ಕಾರ್ಯವಲ್ಲ. ಒಂದೊಂದು ತಾಲ್ಲೂಕಿನವರು ಒಂದೊಂದು ಕೋಣೆಯ ವೆಚ್ಚವನ್ನು ವಹಿಸಿಕೊಂಡರೂ ಆದೀತು. ಹಾಗೆಯೇ ನಮ್ಮ ಕಡೂರು, ಬೀರೂರುಗಳಲ್ಲಿ ರಾತ್ರಿಯ ರೈಲಿನಿಂದಿಳಿದು ದಿಕ್ಕು ತೋಚದೆ ನಿಲ್ಲುವ ಕರಾವಳಿಯ ಕೂಲಿಯವನಿಗೆ ನಾವು ಏನು ಏರ್ಪಾಡು ಮಾಡಿದ್ದೇವೆಂಬುದನ್ನೂ ಆಲೋಚಿಸುವುದು ನ್ಯಾಯ. ಆ ವೃದ್ಧರ ಪತ್ನಿಯು ಗುಣಹೊಂದಿ ಹದಿನೆಂಟನೆಯ ದಿನ ಊರಿಗೆ ಬಂದರು. ಮುಂದಿನ ಬೇಸಗೆಯಲ್ಲಿ ವೃದ್ಧರು ತಮ್ಮ ಮನೆಯ ಮುಂದೆ ಅರವಟ್ಟಿಗೆಯನ್ನಿಟ್ಟರು; ಅಲ್ಲಿ ಎಲ್ಲರಿಗೂ ಒಂದೇ ಲೋಟ.